ಡಿಡಿಯಿಂದ ಕಾರ್ಡ್, ಡಿಸ್ಕ್ ನಕಲು: ಎಂಟರ್ ಒತ್ತುವ ಮೊದಲು ಮತ್ತು ಒತ್ತಿದ ಮೇಲೆ

ಲಿನಕ್ಸ್‌ನಲ್ಲಿ ಒಂದು ಮೆಮೊರಿ ಕಾರ್ಡನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಲು ಡಿಡಿ ಎಂಬ ಕಮಾಂಡ್ ಒಂದೇ ಸಾಕು. ಫೈಲ್, ಫೋಲ್ಡರ್, ಪಾರ್ಟಿಶನ್ ಎಂಬ ಭೇದ ಅದಕ್ಕಿಲ್ಲ. ಒಂದು ಕಡೆ ಬೈಟ್ ಓದುತ್ತದೆ, ಇನ್ನೊಂದು ಕಡೆ ಬರೆಯುತ್ತದೆ. ತಪ್ಪು ಡಿಸ್ಕ್ ತೋರಿಸಿದರೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತದೆ, ಒಂದು ಮಾತೂ ಕೇಳುವುದಿಲ್ಲ. ಆದ್ದರಿಂದ ಕಮಾಂಡ್ ಬರೆಯುವುದಕ್ಕಿಂತ ಅದಕ್ಕೆ ಮುಂಚಿನ ಪರಿಶೀಲನೆಗೂ, ಕೊನೆಯಲ್ಲಿ ಡಿಡಿ ಹೇಳುವ ಲೆಕ್ಕ ಓದುವುದಕ್ಕೂ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು, ಗಾತ್ರ ಸೂಚಿಸುವ ‘ಎಂ’ ಮಾತ್ರ ದೊಡ್ಡಕ್ಷರ.

ಮೊದಲ ಕೆಲಸ ಡಿಸ್ಕಿನ ಹೆಸರು ಗುರುತಿಸುವುದು. ಕಾರ್ಡ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಇದನ್ನು ಓಡಿಸುತ್ತೇನೆ:

ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಮೌಂಟ್‌ಪಾಯಿಂಟ್

ಎರಡನೇ ಸಲ ಹೊಸದಾಗಿ ಕಂಡ ಸಾಲೇ ನಮ್ಮ ಕಾರ್ಡ್. ಗಾತ್ರವೂ ತಾಳೆಯಾಗಬೇಕು: ಡಬ್ಬಿಯ ಮೇಲೆ 32 ಜಿಬಿ ಅಂತಿದ್ದರೆ ಇಲ್ಲಿ 29.7 ಅಥವಾ ಅದರ ಆಸುಪಾಸು ಕಾಣುತ್ತದೆ, ಏಕೆಂದರೆ ಈ ಲೆಕ್ಕ 1024ರ ಮೇಲೆ ನಡೆಯುತ್ತದೆ. ನಿನ್ನೆ ಎಸ್‌ಡಿಬಿ ಆಗಿದ್ದದ್ದು ಇವತ್ತು ಎಸ್‌ಡಿಸಿ ಆಗಬಹುದು, ಹಾಗಾಗಿ ಹಿಸ್ಟರಿಯಿಂದ ಹಳೆಯ ಕಮಾಂಡ್ ಎತ್ತಿಕೊಂಡು ಎಂಟರ್ ಒತ್ತುವ ಅಭ್ಯಾಸ ಬೇಡವೇ ಬೇಡ. ಎಸ್‌ಡಿಬಿ ಎಂದರೆ ಇಡೀ ಡಿಸ್ಕ್, ಎಸ್‌ಡಿಬಿ1 ಎಂದರೆ ಅದರ ಒಂದು ಪಾರ್ಟಿಶನ್. ಪಾರ್ಟಿಶನ್ ಮಾತ್ರ ನಕಲು ಮಾಡಿ, ಅದನ್ನು ಹೊಸ ಕಾರ್ಡಿಗೆ ಬರೆದು, ಬೂಟ್ ಆಗುತ್ತಿಲ್ಲ ಎನ್ನುವವರು ಬಹಳ. ಮೌಂಟ್ ಆಗಿರುವ, ಅಂದರೆ ಬಳಕೆಗೆ ತೆರೆದಿರುವ ಪಾರ್ಟಿಶನ್‌ಗಳನ್ನೆಲ್ಲ ಅನ್‌ಮೌಂಟ್ ಮಾಡಿಯೇ ಮುಂದುವರಿಯಬೇಕು. ಇಲ್ಲದಿದ್ದರೆ ನಕಲು ನಡೆಯುವಾಗಲೇ ಫೈಲ್‌ಸಿಸ್ಟಂ ಬದಲಾಗಿ, ಇಮೇಜಿನ (ಇಡೀ ಕಾರ್ಡಿನ ನಕಲು ಇರುವ ಫೈಲಿನ) ಮೊದಲರ್ಧಕ್ಕೂ ಕೊನೆಯರ್ಧಕ್ಕೂ ಹೊಂದಿಕೆಯೇ ಇರುವುದಿಲ್ಲ.

ಇಲ್ಲೇ ಇನ್ನೊಂದು ಹೊಂಡ ಇದೆ. ಇಲ್ಲದ ಡಿಸ್ಕಿನ ಹೆಸರು ಕೊಟ್ಟರೆ ಡಿಡಿ ದೂರುವುದಿಲ್ಲ, ಡಿಸ್ಕ್‌ಗಳ ಹೆಸರುಗಳಿರುವ /ಡೆವ್ ಫೋಲ್ಡರ್ ಒಳಗೆ ಆ ಹೆಸರಿನ ಸಾಮಾನ್ಯ ಫೈಲೊಂದನ್ನು ಸೃಷ್ಟಿಸಿ ಅದಕ್ಕೆ ಬರೆಯುತ್ತದೆ. /ಡೆವ್ ಇರುವುದು ರ್‍ಯಾಮ್‌ನಲ್ಲಿ. ವೇಗ ಸೆಕೆಂಡಿಗೆ ಗಿಗಾಬೈಟ್ ದಾಟುತ್ತದೆ, ಮೆಮೊರಿ ತುಂಬುತ್ತದೆ, ಕಾರ್ಡ್ ಮಾತ್ರ ಖಾಲಿ. ಸಾಧಾರಣ ಕಾರ್ಡಿಗೆ ಅಷ್ಟು ವೇಗ ಕಂಡರೆ ತಕ್ಷಣ ನಿಲ್ಲಿಸಿ ಹೆಸರು ನೋಡಿ. ಕಾನ್ವ್=ನೋಕ್ರಿಯಾಟ್ ಸೇರಿಸಿದರೆ ಈ ಅಪಾಯವೇ ಇಲ್ಲ.

ಇನ್ನು ಓದುವ ಕಮಾಂಡ್:

ಸುಡೊ ಡಿಡಿ ಐಎಫ್=/ಡೆವ್/ಎಸ್‌ಡಿಬಿ ಒಎಫ್=ಕಾರ್ಡ್.ಐಎಂಜಿ ಬಿಎಸ್=4ಎಂ ಕಾನ್ವ್=ಎಫ್‌ಸಿಂಕ್ ಸ್ಟೇಟಸ್=ಪ್ರೋಗ್ರೆಸ್

ಐಎಫ್ ಎಲ್ಲಿಂದ, ಒಎಫ್ ಎಲ್ಲಿಗೆ. ಉಳಿದ ಯುನಿಕ್ಸ್ ಕಮಾಂಡ್‌ಗಳಂತೆ ಅಡ್ಡಗೆರೆಯ ಆಯ್ಕೆಗಳಲ್ಲದೆ ಈ ‘ಸಮ’ ಚಿಹ್ನೆಯ ಶೈಲಿ ಬಂದದ್ದು ಐಬಿಎಂ ಮೇನ್‌ಫ್ರೇಮ್‌ಗಳ ಜೆಸಿಎಲ್ ಭಾಷೆಯ ಡಿಡಿ ಹೇಳಿಕೆಯಿಂದ. ಬಿಎಸ್ ಎಂದರೆ ಒಮ್ಮೆಗೆ ಓದಿ ಬರೆಯುವ ಬ್ಲಾಕಿನ ಗಾತ್ರ. ಅದನ್ನು ಕೊಡದಿದ್ದರೆ ಡಿಡಿ 512 ಬೈಟಿನಂತೆ ಓದುತ್ತದೆ, ನಿಧಾನ. ಬಿಎಸ್=1 ಕೊಟ್ಟರಂತೂ ಒಂದು ಜಿಬಿಗೆ ನೂರು ಕೋಟಿ ಸಲ ಓದಿ ನೂರು ಕೋಟಿ ಸಲ ಬರೆಯಬೇಕಾಗುತ್ತದೆ. ಆರೋಗ್ಯವಾಗಿರುವ ಕಾರ್ಡಿಗೆ 1ಎಂ ಅಥವಾ 4ಎಂ ಸಾಕು, ಅದಕ್ಕಿಂತ ಹೆಚ್ಚಿಸಿ ಸಿಗುವ ಲಾಭ ಅತ್ಯಲ್ಪ. 4ಎಂ ಎಂದರೆ 4194304 ಬೈಟ್, 4ಎಂಬಿ ಎಂದರೆ 4000000. ಈ ಎರಡನ್ನು ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮುಗಿದಾಗ ಡಿಡಿ ಹೇಳುವ ಲೆಕ್ಕವನ್ನು ಹತ್ತಿರದಿಂದ ನೋಡೋಣ. 31914983424 ಬೈಟಿನ ಕಾರ್ಡ್ ಓದಿದರೆ 7609+1 ರೆಕಾರ್ಡ್ ಒಳಗೆ, 7609+1 ಹೊರಗೆ ಎಂದು ಬರುತ್ತದೆ. ಪ್ಲಸ್‌ನ ಎಡಗಡೆ ಪೂರ್ತಿ ಬ್ಲಾಕ್‌ಗಳು, ಬಲಗಡೆ ಅರೆಬರೆ ಬ್ಲಾಕ್‌ಗಳು. 7609ನ್ನು 4194304ರಿಂದ ಗುಣಿಸಿದರೆ 31914459136. ಉಳಿದ 524288 ಬೈಟ್, ಅಂದರೆ ಅರ್ಧ ಎಂಬಿ, ಆ ಕೊನೆಯ ಒಂದು ಅರೆ ಬ್ಲಾಕ್. ಲೆಕ್ಕ ಸರಿಯಾಯಿತು. ಡಿಸ್ಕ್ ಓದುವಾಗ ಬಲಗಡೆ 0 ಅಥವಾ 1 ಬಿಟ್ಟು ಬೇರೆ ಸಂಖ್ಯೆ ಕಂಡರೆ ಏನೋ ಎಡವಟ್ಟಾಗಿದೆ ಎಂದೇ ತಿಳಿಯಬೇಕು.

ಆ ಇಮೇಜನ್ನು ಇನ್ನೊಂದು ಕಾರ್ಡಿಗೆ ಬರೆಯುವಾಗ ಐಎಫ್, ಒಎಫ್ ಅದಲುಬದಲು. ಬಹುಪಾಲು ಜನ ಸಿಕ್ಕಿಬೀಳುವುದು ಇಲ್ಲಿ: ಎರಡು ‘32 ಜಿಬಿ’ ಕಾರ್ಡ್‌ಗಳು ಒಂದೇ ಗಾತ್ರದವಲ್ಲ. ಒಂದು 31914983424 ಬೈಟ್ ಇದ್ದರೆ ಇನ್ನೊಂದು 31268536320 ಇರಬಹುದು, ಸುಮಾರು 646 ಎಂಬಿ ಕಡಿಮೆ. ಡಿಡಿ ಕೊನೆಯವರೆಗೂ ಬರೆದು, ಅಂಚಿಗೆ ಬಂದ ಮೇಲಷ್ಟೇ ಜಾಗ ಇಲ್ಲ ಎನ್ನುತ್ತದೆ. ಬ್ಲಾಕ್‌ಡೆವ್ --ಗೆಟ್‌ಸೈಜ್64 ಕೊಟ್ಟು ಬೈಟ್ ಲೆಕ್ಕ ಮೊದಲೇ ನೋಡಿದರೆ ಅರ್ಧ ಗಂಟೆ ಉಳಿಯುತ್ತದೆ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕಾರ್ಡಿಗೆ ಪರಿಹಾರ ಹೀಗೆ. ಜಿಪಾರ್ಟೆಡ್‌ನಲ್ಲಿ ಕೊನೆಯ ಪಾರ್ಟಿಶನ್ ಕುಗ್ಗಿಸಿ, ಎಫ್‌ಡಿಸ್ಕ್ -ಎಲ್ ಕೊಟ್ಟು ಅದು ಯಾವ ಸೆಕ್ಟರ್‌ಗೆ (ಡಿಸ್ಕನ್ನು ಎಣಿಸುವ ಚಿಕ್ಕ ತುಂಡಿಗೆ) ಮುಗಿಯುತ್ತದೆ ಎಂದು ನೋಡುತ್ತೇನೆ. 15523839ಕ್ಕೆ ಮುಗಿದರೆ ಎಣಿಕೆ ಸೊನ್ನೆಯಿಂದ ಶುರುವಾಗುವ ಕಾರಣ ಒಟ್ಟು 15523840 ಸೆಕ್ಟರ್. 4ಎಂ ಬ್ಲಾಕಿನಲ್ಲಿ 512 ಬೈಟಿನ ಸೆಕ್ಟರ್ 8192. ಭಾಗಿಸಿದರೆ ಸರಿಯಾಗಿ 1895. ಓದುವ ಕಮಾಂಡಿಗೆ ಕೌಂಟ್=1895, ಅಂದರೆ ಅಷ್ಟೇ ಬ್ಲಾಕ್ ಓದು ಎಂದು ಸೇರಿಸಿದರೆ ಎಂಟು ಜಿಬಿಯೊಳಗಿನ ಇಮೇಜ್ ಸಿಗುತ್ತದೆ. ಶೇಷ ಉಳಿದರೆ ಒಂದು ಹೆಚ್ಚು ಕೊಡಬೇಕು, ಕಡಿಮೆ ಕೊಡಬಾರದು. ಈ ಉಪಾಯ ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಶನ್ ಟೇಬಲ್ಲಿಗೆ (ಪಾರ್ಟಿಶನ್‌ಗಳ ಪಟ್ಟಿಗೆ) ಸರಿ. ಹೊಸ ಬಗೆಯಾದ ಜಿಪಿಟಿ ತನ್ನ ಎರಡನೇ ಪ್ರತಿಯನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಡುತ್ತದೆ, ಹೀಗೆ ಕತ್ತರಿಸಿದರೆ ಅದು ಹೋಗುತ್ತದೆ. ಬರೆದ ಮೇಲೆ ಎಸ್‌ಜಿಡಿಸ್ಕ್ -ಇ ಕೊಟ್ಟು ಅದನ್ನು ಕೊನೆಗೆ ಕೂರಿಸಬೇಕು.

ಬರೆಯುವಾಗ ಕಾನ್ವ್=ಎಫ್‌ಸಿಂಕ್ ಬಿಡಬಾರದು. ಲಿನಕ್ಸ್ ಬರಹವನ್ನು ಮೊದಲು ರ್‍ಯಾಮ್‌ಗೆ ತೆಗೆದುಕೊಳ್ಳುತ್ತದೆ, ಕಾರ್ಡಿಗೆ ಇಳಿಯುವುದು ಆಮೇಲೆ. ಎಫ್‌ಸಿಂಕ್ ಇಲ್ಲದಿದ್ದರೆ ಡಿಡಿ ಮುಗಿಯಿತು ಎಂದು ಹೇಳಿದಾಗಲೂ ನೂರಾರು ಎಂಬಿ ದಾರಿಯಲ್ಲೇ ಇರುತ್ತದೆ, ಆಗ ಕಾರ್ಡ್ ಕಿತ್ತರೆ ನಕಲು ಅರ್ಧಂಬರ್ಧ. ಎಫ್‌ಸಿಂಕ್ ಇದ್ದಾಗ ಕೊನೆಯಲ್ಲಿ ಕೆಲವು ನಿಮಿಷ ಪರದೆ ಸುಮ್ಮನೆ ನಿಂತಂತೆ ಕಾಣಬಹುದು. ಅದು ಕೆಲಸ ಮಾಡುತ್ತಿದೆ, ಕಾಯಿರಿ.

ಆಮೇಲೆ ಕಾರ್ಡನ್ನು ಹೊರತೆಗೆದು ಮತ್ತೆ ಹಾಕಿ ಹೋಲಿಸುತ್ತೇನೆ. ತೆಗೆಯದೇ ಹೋಲಿಸಿದರೆ ರ್‍ಯಾಮ್‌ನಲ್ಲಿ ಉಳಿದ ಪ್ರತಿಯನ್ನೇ ಓದಿ ಎಲ್ಲ ಸರಿ ಎನ್ನಬಹುದು. ಇಮೇಜಿನ ಬೈಟ್ ಲೆಕ್ಕವನ್ನು (ಇಲ್ಲಿ 1895 × 4194304) -ಎನ್ ಜೊತೆ ಕೊಡಬೇಕು, ಕಾರ್ಡ್ ದೊಡ್ಡದಿದ್ದರೂ ಅಲ್ಲಿಗೇ ನಿಲ್ಲುತ್ತದೆ:

ಸುಡೊ ಸಿಎಂಪಿ -ಎನ್ 7948206080 ಕಾರ್ಡ್.ಐಎಂಜಿ /ಡೆವ್/ಎಸ್‌ಡಿಬಿ

ಏನೂ ಮಾತಾಡದೆ ಪ್ರಾಂಪ್ಟ್ ವಾಪಸ್ ಬಂದರೆ ಎರಡೂ ಒಂದೇ.

ಮ್ಯಾಕ್‌ನಲ್ಲಿ ಕೆಲವು ವ್ಯತ್ಯಾಸ: ಬಿಎಸ್‌ಗೆ ಸಣ್ಣಕ್ಷರದ ಎಂ ಬಳಸಿ, ಡಿಸ್ಕ್2ರ ಬದಲು ಆರ್‌ಡಿಸ್ಕ್2 ಎಂದು ಕೊಟ್ಟರೆ ವೇಗ ಬಹಳ ಹೆಚ್ಚು. ಪ್ರಗತಿ ನೋಡಲು ಕಂಟ್ರೋಲ್ ಜೊತೆ ಟಿ ಒತ್ತಿ. ಲಿನಕ್ಸ್‌ನಲ್ಲಿ ಡಿಡಿಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿದರೆ ಲೆಕ್ಕ ಹೇಳುತ್ತದೆ, ಮ್ಯಾಕ್‌ನಲ್ಲಿ ಅದೇ ಸಿಗ್ನಲ್ ಡಿಡಿಯನ್ನು ಕೊಲ್ಲುತ್ತದೆ.

ಕೆಟ್ಟ ಡಿಸ್ಕಿನ ವಿಷಯ ಬೇರೆ. ಓದಲಾಗದ ಸೆಕ್ಟರ್ ಸಿಕ್ಕರೆ ಡಿಡಿ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಕಾನ್ವ್=ನೋಎರರ್,ಸಿಂಕ್ ಸೇರಿಸಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ನೋಎರರ್ ಒಂದೇ ಇದ್ದರೆ ಓದಲಾಗದ ಭಾಗ ಬಿಟ್ಟುಹೋಗಿ ಮುಂದಿನದೆಲ್ಲ ಹಿಂದಕ್ಕೆ ಸರಿಯುತ್ತದೆ. ಆ ಇಮೇಜ್ ಯಾವ ಕೆಲಸಕ್ಕೂ ಬಾರದು. ಸಿಂಕ್ ಆ ಜಾಗಕ್ಕೆ ಸೊನ್ನೆ ತುಂಬಿ ಸ್ಥಾನ ಕಾಪಾಡುತ್ತದೆ. ಆದರೆ ಬಿಎಸ್=4ಎಂ ಇಟ್ಟುಕೊಂಡೇ ಇದನ್ನು ಮಾಡಿದರೆ ಒಂದು ಸೆಕ್ಟರ್ ಕೆಟ್ಟದ್ದಕ್ಕೆ 4 ಎಂಬಿವರೆಗೂ ಕಳೆದುಕೊಳ್ಳುತ್ತೀರಿ. ಜೊತೆಗೆ ಕೊನೆಯ ಅರೆ ಬ್ಲಾಕನ್ನೂ ಸೊನ್ನೆಯಿಂದ ತುಂಬುತ್ತದೆ: ಮೇಲಿನ ಕಾರ್ಡಿನ ಇಮೇಜ್ 3670016 ಬೈಟ್ ಉದ್ದವಾಗಿ ಚೆಕ್‌ಸಮ್ (ಎರಡು ಪ್ರತಿ ಒಂದೇ ಎಂದು ನೋಡುವ ಲೆಕ್ಕ) ತಾಳೆಯಾಗುವುದಿಲ್ಲ. ಬಿಎಸ್=4096 ಇಟ್ಟರೆ ನಷ್ಟ ಕಡಿಮೆ. ಆದರೂ ಸಾಯುತ್ತಿರುವ ಡಿಸ್ಕಿಗೆ ನಾನು ಡಿಡಿ ಬಳಸುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಜಿಡಿಡಿರೆಸ್ಕ್ಯೂ ಪ್ಯಾಕೇಜಿನಿಂದ ಬರುವ ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಓದಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಮೊದಲ ಸುತ್ತು -ಡಿ -ಎನ್, ಎರಡನೇ ಸುತ್ತು -ಡಿ -ಆರ್3, ಎರಡಕ್ಕೂ ಅದೇ ಮ್ಯಾಪ್ ಫೈಲ್.

ಇದೇ ಸಿಂಕ್ ಪೈಪಿನಲ್ಲಿ, ಅಂದರೆ ಒಂದು ಕಮಾಂಡಿನ ಫಲವನ್ನು ನೇರ ಇನ್ನೊಂದಕ್ಕೆ ಕಳಿಸುವಲ್ಲಿ, ಇನ್ನೂ ಅಪಾಯಕಾರಿ. ಜಿಜಿಪ್ ಬಿಚ್ಚಿ ಡಿಡಿಗೆ ಹರಿಸಿದಾಗ, ಲಿನಕ್ಸ್ ಪೈಪ್ ಸಾಮಾನ್ಯವಾಗಿ ಹಿಡಿಯುವುದೇ 64 ಕೆಬಿ. 4ಎಂ ಕೇಳಿದರೂ ಒಮ್ಮೆಗೆ ಸಿಗುವುದು ಅಷ್ಟೇ ಅಥವಾ ಅದಕ್ಕೂ ಕಡಿಮೆ. ಪ್ಲಸ್‌ನ ಬಲಗಡೆ ಸಾವಿರಾರು ಕಾಣುವುದು ಅದಕ್ಕೇ. ಸುಮ್ಮನೆ ಬರೆಯುವುದಾದರೆ ತೊಂದರೆ ಇಲ್ಲ. ಕೌಂಟ್ ಕೊಟ್ಟಿದ್ದರೆ ಅರೆ ಬ್ಲಾಕ್‌ಗಳೂ ಎಣಿಕೆಗೆ ಬಂದು ಇಮೇಜ್ ಮೊಟಕಾಗುತ್ತದೆ, ಸಿಂಕ್ ಕೊಟ್ಟಿದ್ದರೆ ಪ್ರತಿ ಅರೆ ಬ್ಲಾಕಿನ ಹಿಂದೆ ಸೊನ್ನೆ ಸೇರಿ ಇಮೇಜ್ ಹಾಳಾಗುತ್ತದೆ. ಐಫ್ಲಾಗ್=ಫುಲ್‌ಬ್ಲಾಕ್ ಹಾಕಿದರೆ ಬ್ಲಾಕ್ ತುಂಬುವವರೆಗೆ ಕಾಯುತ್ತದೆ. ಪೈಪ್ ಇದ್ದಲ್ಲೆಲ್ಲ ನಾನು ಇದನ್ನು ತಪ್ಪದೆ ಹಾಕುತ್ತೇನೆ.

ಡಿಡಿಯ ಪರಿವರ್ತನೆ ಕೆಲಸ ಇಂದು ಬೇಕಾಗುವುದು ಅಪರೂಪ. ಕಾನ್ವ್=ಆಸ್ಕಿ, ಸಿಬಿಎಸ್=80 ಎಂದು ಕೊಟ್ಟರೆ ಮೇನ್‌ಫ್ರೇಮಿನ ಎಬ್‌ಸಿಡಿಕ್ ಎಂಬ ಅಕ್ಷರಸಂಕೇತದಲ್ಲಿರುವ ಕಡತದ 80 ಅಕ್ಷರದ ದಾಖಲೆಗಳು ಓದಬಲ್ಲ ಸಾಲುಗಳಾಗುತ್ತವೆ. ದಾಖಲೆಯಲ್ಲಿ ಪ್ಯಾಕ್ಡ್ ಡೆಸಿಮಲ್ (ಒಂದು ಬೈಟಿನಲ್ಲಿ ಎರಡು ಅಂಕಿ ಅಡಕವಾಗಿರುವ) ಅಂಕಿಗಳಿದ್ದರೆ ಅವನ್ನೂ ಅಕ್ಷರವೆಂದೇ ತಿರುಗಿಸಿ ಕೆಡಿಸುತ್ತದೆ. ಯುನಿಕೋಡ್ ಕನ್ನಡ ಡಿಡಿಗೆ ಬರೀ ಬೈಟ್: ಯುಟಿಎಫ್-8ರಲ್ಲಿ ‘ಕನ್ನಡ’ ಎಂದರೆ 15 ಬೈಟ್, ಬಿಎಸ್=1 ಕೌಂಟ್=9 ಕೊಟ್ಟರೆ ‘ಕನ್’ ಬರುತ್ತದೆ, 10 ಕೊಟ್ಟರೆ ಕೊನೆಯಲ್ಲಿ ಒಡೆದ ಚೂರು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಕಡತಗಳಿಗೆ ಕಾನ್ವ್‌ನಲ್ಲಿ ಮದ್ದಿಲ್ಲ, ಫಾಂಟ್ ಪರಿವರ್ತಕವೇ ಬೇಕು.

ಒಂದು ಕಡೆ ಮಾತ್ರ ಡಿಡಿಯ ಕಾನ್ವ್ ಕನ್ನಡಕ್ಕೆ ನೇರವಾಗಿ ಒದಗುತ್ತದೆ. ಯುಟಿಎಫ್-16ರ ಕಡತದಲ್ಲಿ ಬೈಟ್ ಕ್ರಮ ಹೇಳುವ ಆರಂಭದ ಗುರುತು ಇಲ್ಲದೆ, ಆ ಕ್ರಮ ತಿರುಗಿದ್ದರೆ ‘ಕಮಲ’ ಎಂಬುದು ಒಂದು ಚೀನೀ ಅಕ್ಷರ, ಎರಡು ಕೊರಿಯನ್ ಅಕ್ಷರವಾಗಿ ಕಾಣುತ್ತದೆ. ‘ಕ’ದ ಸಂಕೇತ 0ಸಿ95, ತಿರುಗಿದರೆ 950ಸಿ, ಅದು ಚೀನೀ ಲಿಪಿಯ ಜಾಗ. ಬೈಟ್‌ಗಳನ್ನು ತೋರಿಸುವ ಎಕ್ಸ್‌ಎಕ್ಸ್‌ಡಿಯಲ್ಲಿ ತೆರೆದು ನೋಡಿ: ಪ್ರತಿ ಎರಡು ಬೈಟಿಗೊಮ್ಮೆ 0ಸಿ ಬರುತ್ತಿದ್ದರೆ ಒಳಗಿರುವುದು ಕನ್ನಡವೇ.

ಡಿಡಿ ಐಎಫ್=ಹಳೆ.ಟಿಎಕ್ಸ್‌ಟಿ ಒಎಫ್=ಹೊಸ.ಟಿಎಕ್ಸ್‌ಟಿ ಕಾನ್ವ್=ಸ್ವಾಬ್

ಸ್ವಾಬ್ ಪ್ರತಿ ಜೋಡಿ ಬೈಟನ್ನು ಅದಲುಬದಲು ಮಾಡುತ್ತದೆ, ಕಮಲ ಮತ್ತೆ ಕಮಲವಾಗುತ್ತದೆ. ಐಎಫ್ ಮತ್ತು ಒಎಫ್‌ಗೆ ಒಂದೇ ಹೆಸರು ಕೊಡಬೇಡಿ: ಓದುವ ಮೊದಲೇ ಒಎಫ್ ಫೈಲನ್ನು ಡಿಡಿ ಖಾಲಿ ಮಾಡುತ್ತದೆ.