ಪ್ಲಂಬರ್ ಬರುವ ತನಕ: ಮನೆಯಲ್ಲಿ ಇಟ್ಟುಕೊಳ್ಳಬೇಕಾದ ನಲ್ಲಿ–ಪೈಪಿನ ಸಾಮಾನು

ಕೊಟ್ಟಿಗೆಹಾರದ ಹತ್ತಿರ ನಮ್ಮದು ಹಳೇ ಮನೆ. ಹಿಂದೆ ನಾಲ್ಕು ರೂಮು ಸೇರಿಸಿ ಹೋಂಸ್ಟೇ ನಡೆಸುತ್ತೇವೆ. ಪ್ಲಂಬರ್ ಮೂಡಿಗೆರೆಯಿಂದ ಬರಬೇಕು. ಬೇಸಿಗೆಯಲ್ಲಿ ಫೋನ್ ಮಾಡಿದರೆ "ನಾಳೆ ಬರ್ತೀನಿ ಅಕ್ಕ" ಅನ್ನುತ್ತಾನೆ, ನಾಡಿದ್ದು ಬರುತ್ತಾನೆ. ಜುಲೈ ತಿಂಗಳ ಮಳೆಯಲ್ಲಿ ಫೋನೇ ಹೋಗುವುದಿಲ್ಲ. ರೂಮಿನಲ್ಲಿ ಅತಿಥಿಗಳು ಮೈಗೆ ಸೋಪು ಹಚ್ಚಿಕೊಂಡು ನಿಂತಿರುವಾಗ ನಲ್ಲಿ ಕಿತ್ತುಕೊಂಡು ಬಂದರೆ ನಾಡಿದ್ದಿನವರೆಗೆ ಕಾಯುವುದು ಹೇಗೆ? ಹಾಗಾಗಿ ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಕೈಲಾಗುವ ಕೆಲಸವೇ. ಸರಿಯಾದ ಸಾಮಾನು ಇರಬೇಕು, ಅಷ್ಟೆ.

ಮೊದಲೇ ಹೇಳಿಬಿಡುತ್ತೇನೆ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುವ ದೊಡ್ಡ ಟೂಲ್ ಕಿಟ್ ತಗೊಳ್ಳಬೇಡಿ. ಅದರಲ್ಲಿ ಅರ್ಧ ಕಾರಿಗೆ ಬೇಕಾದದ್ದು, ಉಳಿದದ್ದು ಯಾವುದಕ್ಕೂ ಬೇಡದ್ದು. ದುಡ್ಡು ಬಿಚ್ಚುವ ಮುಂಚೆ ಒಂದು ಟಾರ್ಚ್ ಹಿಡಿದು ಮನೆಯ ಸುತ್ತ ಬನ್ನಿ. ಟ್ಯಾಂಕಿನಿಂದ ಇಳಿಯುವ ಪೈಪು ಯಾವುದು, ವಾಲ್ವ್ ಎಲ್ಲಿದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಬಾತ್‌ರೂಮಿನ ನೀರು ನಿಲ್ಲುತ್ತದೆ ನೋಡಿ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಬೇಕಾದ ದಿನವೇ ಹಿಡಿದುಕೊಂಡಿರುತ್ತದೆ. ಆಗಾಗ ಒಮ್ಮೆ ಪೂರ್ತಿ ಮುಚ್ಚಿ ತೆಗೆಯುತ್ತಿರಬೇಕು. ನಮ್ಮಲ್ಲಿ ಪ್ರತಿ ವಾಲ್ವಿಗೂ ಒಂದು ತಗಡಿನ ಚೂರು ಕಟ್ಟಿ ಪೇಂಟಿನಲ್ಲಿ ಬರೆದಿದ್ದೇವೆ: "2ನೇ ರೂಮು", "ಅಡುಗೆಮನೆ", "ಹಂಡೆ".

ಸುತ್ತು ಹಾಕುವಾಗಲೇ ಪೈಪು ಯಾವ ಜಾತಿಯದು ಅಂತಲೂ ನೋಡಿಕೊಳ್ಳಿ. ಜನ ಅಂಗಡಿಗೆ ಹೋಗಿ ಪೇಚಾಡುವುದು ಇಲ್ಲೇ. ಕೌಂಟರಿನಲ್ಲಿ ಅರ್ಧ ಇಂಚಿನ ಎಲ್ಬೋ (ಪೈಪು ತಿರುಗಿಸುವ ಮೂಲೆ ತುಂಡು) ಕೊಡಿ ಅಂದರೆ "ಸಿಪಿವಿಸಿನೋ ಯುಪಿವಿಸಿನೋ?" ಅಂತ ತಿರುಗಿ ಕೇಳುತ್ತಾರೆ. ಯಾವುದಾದರೂ ಕೊಡಿ ಅನ್ನುವ ಹಾಗಿಲ್ಲ. ತೆಳು ಹಳದಿ ಅಥವಾ ಕೆನೆ ಬಣ್ಣದ್ದು ಸಿಪಿವಿಸಿ, ಗೀಸರ್‌ನ ಬಿಸಿನೀರು ತಡೆಯುತ್ತದೆ. ಬಿಳಿದು ಯುಪಿವಿಸಿ, ತಣ್ಣೀರಿಗೆ ಮಾತ್ರ. ಎರಡಕ್ಕೂ ಅರ್ಧ ಇಂಚು ಅಂತಲೇ ಹೆಸರು. ಆದರೆ ಅಳೆದು ನೋಡಿದರೆ ಸಿಪಿವಿಸಿಯ ಹೊರಸುತ್ತಿನ ಅಗಲ ಸುಮಾರು 16 ಮಿ.ಮೀ., ಯುಪಿವಿಸಿಯದು 21 ಮಿ.ಮೀ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ತೋಟದ ಕರಿ ಪೈಪಿನ, ಅಂದರೆ ಎಚ್‌ಡಿಪಿಇ ಪೈಪಿನ ಲೆಕ್ಕವೇ ಬೇರೆ. ಅದನ್ನು ಹೊರ ಅಳತೆಯಲ್ಲೇ 20, 25, 32 ಮಿ.ಮೀ. ಅಂತ ಕರೆಯುತ್ತಾರೆ. ಹಳೇ ಬಚ್ಚಲಿನಲ್ಲಿ ಕಬ್ಬಿಣದ ಜಿಐ ಪೈಪೂ ಇರಬಹುದು. ನಮ್ಮ ಮನೆಯಲ್ಲಿ ನಾಲ್ಕೂ ಇವೆ. ಅದಕ್ಕೆ ನಾನು ಅಂಗಡಿಗೆ ಹೋಗುವಾಗ ಅಳತೆ ಬಾಯಲ್ಲಿ ಹೇಳುವುದಿಲ್ಲ. ಪೈಪಿನ ಒಂದು ಗೇಣು ತುಂಡು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ.

ಈಗ ಸಾಮಾನು. ದುಡ್ಡು ಹಾಕಬೇಕಾದದ್ದು ಎರಡಕ್ಕೆ. ಒಂದು 10 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್, ಇನ್ನೊಂದು 12 ಅಥವಾ 14 ಇಂಚಿನ ಪೈಪ್ ರೆಂಚ್. ಸ್ಪ್ಯಾನರ್ ನಟ್ಟಿಗೆ, ರೆಂಚ್ ದುಂಡಗಿನ ಪೈಪಿಗೆ. ರೆಂಚಿಗೆ ಹಲ್ಲು ಇರುವುದರಿಂದ ಹೊಳೆಯುವ ನಲ್ಲಿಗೆ ನೇರ ಹಾಕಿದರೆ ಗೀರು ಗ್ಯಾರಂಟಿ. ಹಳೇ ಬನಿಯನ್ ತುಂಡು ಸುತ್ತಿ ಹಾಕಿ. ಹಳೇ ಜಿಐ ಪೈಪು ಬಿಚ್ಚುವುದಾದರೆ ರೆಂಚ್ ಎರಡು ಬೇಕು. ಒಂದು ಪೈಪನ್ನು ಅಲುಗಾಡದ ಹಾಗೆ ಹಿಡಿಯಲಿಕ್ಕೆ, ಇನ್ನೊಂದು ತಿರುಗಿಸಲಿಕ್ಕೆ. ಒಂದೇ ರೆಂಚಿನಲ್ಲಿ ಬಲ ಹಾಕಿದರೆ ಗೋಡೆಯೊಳಗಿನ ಜಾಯಿಂಟ್ ತಿರುಗಿ ಹೋಗುತ್ತದೆ. ಆಮೇಲೆ ಟೈಲ್ಸ್ ಒಡೆಯಬೇಕು.

ಟೆಫ್ಲಾನ್ ಟೇಪ್ ಎಲ್ಲರ ಮನೆಯಲ್ಲೂ ಇರುತ್ತದೆ, ಸುತ್ತುವುದು ಮಾತ್ರ ಉಲ್ಟಾ. ನಲ್ಲಿ ಬದಲಿಸುವ ಕೆಲಸವನ್ನೇ ಪೂರ್ತಿ ಹೇಳುತ್ತೇನೆ, ಕೇಳಿ. ವಾಲ್ವ್ ಮುಚ್ಚಿ, ಕೆಳಗಿರುವ ಇನ್ನೊಂದು ನಲ್ಲಿ ಬಿಟ್ಟು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ. ಹಳೇ ನಲ್ಲಿಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಗೋಡೆಯ ತೂತಿನೊಳಗೆ ಉಳಿದ ಟೇಪಿನ ಚೂರು, ತುಕ್ಕು, ಮಣ್ಣನ್ನೆಲ್ಲ ಹಳೇ ಟೂತ್‌ಬ್ರಷ್‌ನಿಂದ ಕೆರೆದು ತೆಗೆಯಿರಿ. ಹೊಸ ನಲ್ಲಿಯ ಥ್ರೆಡ್, ಅಂದರೆ ತಿರುಪಿನ ಗೆರೆ ಇರುವ ತುದಿ, ನಿಮ್ಮ ಮುಖಕ್ಕೆ ತಿರುಗಿರಲಿ. ತುದಿಯ ಒಂದು ಸುತ್ತು ಬಿಟ್ಟು, ಗಡಿಯಾರದ ಮುಳ್ಳು ಓಡುವ ಕಡೆಗೆ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ. ಹೀಗೆ ಸುತ್ತಿದರೆ ನಲ್ಲಿ ತಿರುಗಿಸಿದಷ್ಟೂ ಟೇಪು ಬಿಗಿಯುತ್ತದೆ. ಉಲ್ಟಾ ಸುತ್ತಿದರೆ ಬಿಚ್ಚಿಕೊಂಡು ಹೊರಗೆ ಮುದ್ದೆಯಾಗಿ ನಿಲ್ಲುತ್ತದೆ. ಮೂರು ಸುತ್ತು ಸಾಕು ಅಂತ ಪ್ಯಾಕೆಟ್ಟಿನ ಮೇಲೆ ಇರಬಹುದು. ನಮ್ಮಲ್ಲಿ ಸಿಗುವ ತೆಳು ಟೇಪಿಗೆ, ಸಡಿಲ ಥ್ರೆಡ್ಡಿಗೆ ಹತ್ತು ಹದಿನೈದು ಸುತ್ತು ಬೇಕಾಗುತ್ತದೆ. ಮೊದಲು ಕೈಯಲ್ಲೇ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗಬೇಕು. ಆಗ ಸ್ಪ್ಯಾನರ್ ಹಾಕಿ. ಮೂತಿ ಸ್ವಲ್ಪ ಮುಂದೆ ಹೋಯಿತು ಅಂತ ಹಿಂದಕ್ಕೆ ತಿರುಗಿಸಿದರೆ ಸೋರುತ್ತದೆ. ಬಿಚ್ಚಿ, ಹೊಸ ಟೇಪು ಸುತ್ತಿ ಮತ್ತೆ ಹಾಕುವುದೇ ದಾರಿ. ತೂತು ಟೈಲ್ಸಿನಿಂದ ತುಂಬ ಒಳಗಿದ್ದರೆ ನಲ್ಲಿ ತಲುಪುವುದಿಲ್ಲ. ಅದಕ್ಕೆ ಅರ್ಧ ಇಂಚಿನ ಎಕ್ಸ್‌ಟೆನ್ಷನ್ ನಿಪ್ಪಲ್ ಸಿಗುತ್ತದೆ, ಒಂದೆರಡು ಅಳತೆಯದು ಇಟ್ಟುಕೊಂಡಿರಿ.

ತೊಟ್ಟಿಕ್ಕುತ್ತಿದೆ ಅಂತ ಇಡೀ ನಲ್ಲಿ ಬಿಸಾಡಬೇಕಾಗಿಲ್ಲ. ಮೂರು ನಾಲ್ಕು ಸುತ್ತು ತಿರುಗಿಸುವ ನಲ್ಲಿಯಾದರೆ ಒಳಗೆ ರಬ್ಬರ್ ವಾಷರ್ ಸವೆದಿರುತ್ತದೆ. ಕಾಲು ಅಥವಾ ಅರ್ಧ ಸುತ್ತಿಗೆ ನಿಲ್ಲುವ ನಲ್ಲಿಯಾದರೆ ಸೆರಾಮಿಕ್ ಡಿಸ್ಕ್ ಇರುವ ಸ್ಪಿಂಡಲ್, ಅಂದರೆ ಹಿಡಿಯ ಕೆಳಗೆ ತಿರುಗುವ ಒಳಭಾಗ, ಬದಲಿಸಬೇಕು. ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ದು ಅದೇ ಹಲ್ಲಿನದು ತನ್ನಿ. ನೀರು ಸಣ್ಣಗೆ ಬರುತ್ತಿದ್ದರೆ ಮೊದಲು ಮೂತಿಯ ಜಾಲರಿ ಬಿಚ್ಚಿ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಮರಳು, ಎಲೆಯ ಚೂರು ಕಟ್ಟಿರುತ್ತದೆ. ಕಡೂರು, ಬೀರೂರು ಕಡೆಯ ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಿಳಿ ಗಡಸು ಕಟ್ಟುತ್ತದೆ. ಅಂಥದ್ದನ್ನು ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಹಾಕಿದರೆ ಬಿಡುತ್ತದೆ.

ಪೈಪು ಕೊಯ್ಯಲು ಹ್ಯಾಕ್ಸಾ ಫ್ರೇಮು, 12 ಇಂಚಿನ ಬ್ಲೇಡು. ಬ್ಲೇಡಿನ ಹಲ್ಲು ಮುಂದಕ್ಕೆ ನೋಡಬೇಕು. ಕೊಯ್ದ ಬಾಯಿ ನೇರವಾಗಿರಲಿ, ಸಿಬಿರನ್ನು ಚಾಕುವಿನಿಂದ ಹೆರೆಯಿರಿ. ಪೈಪು ಅಂಟಿಸುವ ಅಂಟು, ಅಂದರೆ ಸಾಲ್ವೆಂಟ್ ಸಿಮೆಂಟಿನಲ್ಲೂ ಅದೇ ಜಾತಿ ಪ್ರಶ್ನೆ. ಸಿಪಿವಿಸಿಗೆ ಅದರದೇ ಡಬ್ಬಿ. ಪೈಪಿನ ಹೊರಗೆ ಚೆನ್ನಾಗಿ, ಫಿಟ್ಟಿಂಗಿನ ಒಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ತಕ್ಷಣ ಕೈ ಬಿಟ್ಟರೆ ಪೈಪು ಮೆಲ್ಲಗೆ ಹೊರಗೆ ಜಾರುತ್ತದೆ. ನಮ್ಮ ಥಂಡಿಗೆ ಒಣಗುವುದು ನಿಧಾನ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟು ನೀರು ಬಿಡಿ. ಇನ್ನೊಂದು ವಿಷಯ, ಹಂಡೆ ಒಲೆ ಉರಿಯುವಾಗ ಬಚ್ಚಲಿನಲ್ಲಿ ಈ ಡಬ್ಬಿ ಬಿಚ್ಚಲೇಬೇಡಿ. ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಅಂಟು ಲೋಳೆಯ ಹಾಗೆ ಗಟ್ಟಿಯಾಗಿದ್ದರೆ ಎಸೆಯಿರಿ. ಸಣ್ಣ ಡಬ್ಬಿಯೇ ತಗೊಳ್ಳಿ.

ಗುಡ್ಡದಿಂದ ಗ್ರಾವಿಟಿ ನೀರು ತರುವವರಿಗೆ ಒಂದು ಲೆಕ್ಕ. 10 ಮೀಟರ್ ಎತ್ತರಕ್ಕೆ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಒತ್ತಡ. ತಾರಸಿ ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಒತ್ತಡ ಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ನೀರಿನ ತೊಟ್ಟಿ 40 ಮೀಟರ್ ಮೇಲಿದ್ದರೆ ಕೆಳಗೆ ವಾಲ್ವ್ ಮುಚ್ಚಿದಾಗ 4 ಕೆ.ಜಿ. ಬೀಳುತ್ತದೆ. ಮನೆಯೊಳಗೆ ನಡೆಯುವ ಜುಗಾಡ್ ಅಲ್ಲಿ ನಡೆಯುವುದಿಲ್ಲ. ಕಾಡುಹಂದಿ ಕೆದಕಿ ಕರಿ ಪೈಪು ಬಿಟ್ಟುಕೊಂಡರೆ ತುದಿ ಕೊಯ್ದು, ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಜಾಯಿನರ್ ತೂರಿಸಿ, ಎರಡೂ ಕಡೆ ಎರಡೆರಡು ಹೋಸ್ ಕ್ಲಿಪ್ ಹಾಕುತ್ತೇನೆ. ತೋಟದಲ್ಲಿ ಕುದಿನೀರು ಎಲ್ಲಿಂದ ಅಂತೀರಾ? ಫ್ಲಾಸ್ಕ್‌ನಲ್ಲಿ ಒಯ್ಯುವುದು. ಸಣ್ಣ ತೂತಾದರೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಸುತ್ತಿ ಮೇಲೆ ಕ್ಲಿಪ್ ಬಿಗಿದರೆ ಮಳೆ ನಿಲ್ಲುವ ತನಕ ತಡೆಯುತ್ತದೆ.

ಸಿಂಕು ಕಟ್ಟಿದರೆ ರಬ್ಬರ್ ಪಂಪು. ಬಟ್ಟಲು ಮುಳುಗುವಷ್ಟು ನೀರು ನಿಂತಿರಬೇಕು, ಓವರ್‌ಫ್ಲೋ ತೂತಿದ್ದರೆ ಒದ್ದೆ ಬಟ್ಟೆ ತುರುಕಿ. ಅದಕ್ಕೂ ಬಗ್ಗದಿದ್ದರೆ ಕೆಳಗೆ ಬಕೆಟ್ ಇಟ್ಟು ಸಿಂಕಿನ ಅಡಿಯಲ್ಲಿ ಬಾಟಲಿಯ ಹಾಗಿರುವ ಬಾಟಲ್ ಟ್ರ್ಯಾಪ್ ಕೈಯಲ್ಲೇ ಬಿಚ್ಚಿ. ನಮ್ಮ ಊರಿನಲ್ಲಿ ಒಳಗೆ ಸಿಗುವುದು ಏನು ಅಂತ ಕೇಳಬೇಕಾ? ಕಾಫಿ ಚರಟ. ಮೊದಲು ಆಸಿಡ್ ಸುರಿದು ಆಮೇಲೆ ಬಿಚ್ಚುವ ಕೆಲಸ ಮಾತ್ರ ಮಾಡಬೇಡಿ, ಕೈ ಕಣ್ಣು ಸುಟ್ಟುಕೊಳ್ಳುತ್ತೀರಿ.

ಗೀಸರ್ ಒಳಗಿನದಕ್ಕೆ ನಾನು ಕೈ ಹಾಕುವುದಿಲ್ಲ. ಎಂಸಿಬಿ ಇಳಿಸಿ, ಅದಕ್ಕೆ ಹೋಗುವ ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ವಾಲ್ವ್) ಮುಚ್ಚಿ, ಗೀಸರ್ ತಣ್ಣಗಾದ ಮೇಲೆ ಕನೆಕ್ಷನ್ ಪೈಪು ಬದಲಿಸುವುದು ನನ್ನ ಗಡಿ. ಸೇಫ್ಟಿ ವಾಲ್ವಿನಿಂದ ನೀರು ಹನಿಯುತ್ತಿದೆ ಅಂತ ಅದಕ್ಕೆ ಎಂ‌–ಸೀಲ್ ಮೆತ್ತುವವರನ್ನು ನೋಡಿದ್ದೇನೆ. ಒಳಗಿನ ಒತ್ತಡ ಹೊರಹೋಗುವ ಬಾಗಿಲೇ ಅದು, ಮುಚ್ಚಿದರೆ ಟ್ಯಾಂಕೇ ಸಿಡಿಯಬಹುದು.

ಮೇ ಕೊನೆಗೆ ನನ್ನ ಡಬ್ಬಿಯಲ್ಲಿ ಇಷ್ಟು ಇರಬೇಕು: ಟೇಪು ನಾಲ್ಕೈದು, ಅರ್ಧ ಇಂಚಿನ ಎಂಡ್ ಪ್ಲಗ್ ಎರಡು, ಎಂಡ್ ಕ್ಯಾಪ್ (ಪೈಪಿನ ತುದಿ ಮುಚ್ಚುವ ಟೋಪಿ) ಎರಡು, ಆಂಗಲ್ ಕಾಕ್ ಒಂದು, ಕನೆಕ್ಷನ್ ಪೈಪು ಒಂದು, ವಾಷರ್ ಒಂದು ಹಿಡಿ, ಕ್ಲಿಪ್ಪು, ಟ್ಯೂಬಿನ ಪಟ್ಟಿ, ತಲೆಗೆ ಕಟ್ಟುವ ಟಾರ್ಚು. ಇದರಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಎಂಡ್ ಪ್ಲಗ್. ನಲ್ಲಿ ಮುರಿದು ಹೋದರೆ ಆ ಬಾಯಿಗೆ ಟೇಪು ಸುತ್ತಿದ ಪ್ಲಗ್ ತಿರುಗಿಸಿ ವಾಲ್ವ್ ಬಿಟ್ಟುಬಿಡಿ. ಒಂದು ನಲ್ಲಿ ಇರುವುದಿಲ್ಲ, ಬಾಕಿ ಮನೆಗೆಲ್ಲ ನೀರು ಬರುತ್ತದೆ.