ಮಕ್ಕಳ ಚಾರಣಕ್ಕೆ ಸ್ವಯಂಸೇವಕರನ್ನು ತಯಾರು ಮಾಡುವುದು ಹೇಗೆ

ಸ್ವಯಂಸೇವಕರು ಬೇಕು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಮೊದಲು ಕೈ ಎತ್ತುವವರು ಬೆಟ್ಟ ಓಡಿ ಹತ್ತುವ ಹುಡುಗರು. ನಾಲ್ಕೇ ಗಂಟೆಯಲ್ಲಿ ಕುಮಾರ ಪರ್ವತ ಹತ್ತಿದ್ದೀನಿ ಸಾರ್ ಅನ್ನುತ್ತಾರೆ. ಸಂತೋಷ. ಆದರೆ ಎಂಟನೇ ಕ್ಲಾಸಿನ ಇಪ್ಪತ್ತು ಮಕ್ಕಳಲ್ಲಿ ಎಲ್ಲರಿಗಿಂತ ನಿಧಾನದ ಮಗುವಿನ ಪಕ್ಕದಲ್ಲಿ, ಅದು ಕೂತಾಗ ಕೂತು ಎದ್ದಾಗ ಎದ್ದು, ಮುಖ ಸಿಂಡರಿಸದೆ ಇಡೀ ದಿನ ನಡೆಯೋಕೆ ಆಗುತ್ತಾ ಅಂತ ಕೇಳಿ. ಅರ್ಧ ಜನ ಅಲ್ಲೇ ಜಾರಿಕೊಳ್ಳುತ್ತಾರೆ. ಉಳಿದವರಿಗೆ ತರಬೇತಿ ಕೊಡಿ.

ಮೊದಲ ಪಾಠ ಕಾಡಿನಲ್ಲಿ ಬೇಡ, ಕಾಗದದ ಮೇಲೆ ಸಾಕು. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು ಕೊಟ್ಟ ಒಂದು ಸರಳ ಲೆಕ್ಕ ಇದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿಲೋಮೀಟರ್, ಏರು 1,500 ಮೀಟರಿಗೂ ಜಾಸ್ತಿ. ಅಂದರೆ ಗಟ್ಟಿ ದೊಡ್ಡವರಿಗೆ ನಿಲ್ಲದೆ ನಡೆದರೂ ಐದು ಗಂಟೆ. ಮಕ್ಕಳಿಗೆ ಒಂದೂವರೆ ಪಟ್ಟು ಹಿಡಿಯಿರಿ, ಏಳೂವರೆ ಆಯಿತು. ಇನ್ನು ಇಳಿಯಬೇಕು, ಊಟ ಮಾಡಬೇಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಇರುವುದೇ ಹನ್ನೊಂದೂವರೆ ಗಂಟೆ ಅಲ್ವಾ? ಈ ಲೆಕ್ಕವನ್ನು ಸ್ವಯಂಸೇವಕರ ಕೈಯಿಂದಲೇ ಮಾಡಿಸಿ. ದಾರಿ ಮಧ್ಯೆ ಸಿಗುವ ಗಿರಿಗದ್ದೆ ಭಟ್ಟರ ಮನೆವರೆಗೆ ಹೋಗಿ ವಾಪಸ್ ಬಂದರೆ ಸಾಕು ಅಂತ ಆಗ ಅವರೇ ಹೇಳುತ್ತಾರೆ.

ಮುಂದೆ ಒಬ್ಬರು, ಕೊನೆಗೆ ಒಬ್ಬರು ಅಂತ ಎಲ್ಲರೂ ನೇಮಿಸುತ್ತಾರೆ. ಕೊನೆಯವರ ಕೆಲಸ ಏನು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ. ನಾನು ಮೊದಲ ಸಲ ತಂಡ ಕರೆದುಕೊಂಡು ಹೋದಾಗ ಒಬ್ಬ ಹುಡುಗ ಶೂ ಬಿಚ್ಚಿ ಇಂಬಳ (ಕಾಡಿನ ಜಿಗಣೆ) ಕಿತ್ತುಕೊಳ್ಳೋಕೆ ಮರದ ಹಿಂದೆ ಕೂತಿದ್ದ, ಕೊನೆಯಲ್ಲಿದ್ದ ನಮ್ಮವರು ಮಾತಾಡುತ್ತಾ ಅವನನ್ನು ದಾಟಿ ಬಂದೇಬಿಟ್ಟರು. ಗೊತ್ತಾಗಿದ್ದು ಊಟಕ್ಕೆ ಕೂತಾಗ. ಮುಕ್ಕಾಲು ಗಂಟೆ ಹುಡುಕಿದೆವು. ಅವನು ಕೂತ ಜಾಗದಲ್ಲೇ ಇದ್ದ, ಅಳುತ್ತಾ. ಆವತ್ತಿಂದ ನಮ್ಮಲ್ಲಿ ಒಂದು ಪದ್ಧತಿ: ಕೊನೆಯವರು ಯಾವ ಮಗುವನ್ನೂ ದಾಟುವುದಿಲ್ಲ, ಯಾವ ಕಾರಣಕ್ಕೂ. ಪ್ರತಿ ಕವಲಿನಲ್ಲಿ, ಪ್ರತಿ ಹಳ್ಳ ದಾಟಿದ ಮೇಲೆ ತಲೆ ಎಣಿಕೆ. ಎಣಿಸುವವರು ಇಬ್ಬರು, ಇಬ್ಬರ ಸಂಖ್ಯೆಯೂ ಒಂದೇ ಬರಬೇಕು. ಮಕ್ಕಳು ತಾವೇ ಒಂದು ಎರಡು ಮೂರು ಅಂತ ಕೂಗುವ ಪದ್ಧತಿ ನಂಬಬೇಡಿ, ಸ್ನೇಹಿತನ ನಂಬರನ್ನೂ ಕೂಗುವ ಪುಣ್ಯಾತ್ಮರು ಇರುತ್ತಾರೆ.

ಆಮೇಲೆ, ಮಕ್ಕಳನ್ನು ಕರೆದುಕೊಂಡು ಹೋಗುವ ದಾರಿಯಲ್ಲೇ ಮಕ್ಕಳಿಲ್ಲದೆ ಒಂದು ಸಲ ನಡೆಯಿರಿ. ಅರಣ್ಯ ಇಲಾಖೆಯ ಅನುಮತಿ ಈ ನಡಿಗೆಗೂ ಬೇಕು, ಮರೆಯಬೇಡಿ. ಸ್ವಯಂಸೇವಕರಲ್ಲಿ ಮೂವರನ್ನು ಗುಟ್ಟಾಗಿ ಕರೆದು ಒಬ್ಬನಿಗೆ ನಿನ್ನ ಕಾಲು ಉಳುಕಿದೆ, ಇನ್ನೊಬ್ಬನಿಗೆ ನೀನು ಸದ್ದಿಲ್ಲದೆ ಹಿಂದೆ ಉಳಿ, ಮೂರನೆಯವಳಿಗೆ ನಿನಗೆ ಉಬ್ಬಸ ಬಂದಿದೆ ಆದರೆ ಇನ್ಹೇಲರ್ ಇರುವ ಬ್ಯಾಗು ಮುಂದಿನವರ ಬೆನ್ನಲ್ಲಿ ಹೋಗಿದೆ ಅಂತ ಹೇಳಿ ಬಿಟ್ಟುಬಿಡಿ. ಮುಂದಿನದನ್ನು ಸುಮ್ನೆ ನೋಡಿ. ಹತ್ತು ತರಗತಿಯಲ್ಲಿ ಬಾರದ ಬುದ್ಧಿ ಆ ಅರ್ಧ ದಿನದಲ್ಲಿ ಬರುತ್ತದೆ. ಯಾವ ಮಗುವಿಗೆ ಉಬ್ಬಸ, ಯಾರಿಗೆ ಫಿಟ್ಸ್, ಯಾರಿಗೆ ಅಲರ್ಜಿ ಅಂತ ಪೋಷಕರಿಂದ ಬರೆಸಿಕೊಂಡ ಪಟ್ಟಿ ಪ್ರತಿಯೊಬ್ಬರ ಜೇಬಲ್ಲೂ ಇರಬೇಕು, ಮೊಬೈಲಲ್ಲಿ ಮಾತ್ರ ಅಲ್ಲ.

ಅದೇ ದಿನ ಎರಡು ಬಿದಿರ ಗಳು, ಒಂದು ಗಟ್ಟಿ ಜಮಖಾನೆ ಕೊಟ್ಟು, ಒಬ್ಬರನ್ನು ಇನ್ನೂರು ಮೀಟರ್ ಹೊತ್ತು ಇಳಿಸಿ ಅನ್ನಿ. ನಾಲ್ಕೇ ಜನ ಸಾಲದು, ಕೈ ಬದಲಿಸೋಕೆ ಇನ್ನೂ ನಾಲ್ವರು ಬೇಕು ಅಂತ ತಾವೇ ಕಂಡುಕೊಳ್ಳುತ್ತಾರೆ. ಹಾವು ಕಚ್ಚಿದರೆ ಹೊತ್ತೇ ಇಳಿಸಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಮೂರೂ ಬೇಡ. ಶೂ, ಬಳೆ, ಗೆಜ್ಜೆ ತೆಗೆಸಿ, ಕಾಲು ಅಲ್ಲಾಡದ ಹಾಗೆ ಕೋಲಿಟ್ಟು ಸಡಿಲವಾಗಿ ಕಟ್ಟಿ. ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದು ಅಂತ ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. 112 ಮತ್ತು 108 ಇವೆ ನಿಜ, ಆದರೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಅಭ್ಯಾಸದ ನಡಿಗೆಯಲ್ಲೇ ಗುರುತು ಹಾಕಿಕೊಳ್ಳಬೇಕು.

ಮಲೆನಾಡಿನಲ್ಲಿ ಇಂಬಳಕ್ಕೆ ಎಲ್ಲರೂ ಹೆದರುತ್ತಾರೆ, ಅದರಿಂದ ರಕ್ತ ಹೋಗುವುದು ಬಿಟ್ಟರೆ ದೊಡ್ಡ ತೊಂದರೆ ಇಲ್ಲ. ನಿಜವಾಗಿ ಹೆದರಬೇಕಾದದ್ದು ಉಣುಗಿಗೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳಕ್ಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಅದೂ ಚಾರಣದ ಸೀಸನ್ ಆದ ಚಳಿಗಾಲ, ಬೇಸಿಗೆಯಲ್ಲಿ. ಮಂಗ ಸತ್ತ ಸುದ್ದಿ ಬಂದ ಕಡೆಗೆ ಹೋಗಬೇಡಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯ ಡಾಕ್ಟರಿಗೆ ಹೇಳಿ ಅಂತ ಪೋಷಕರಿಗೆ ತಿಳಿಸುವುದೂ ಸ್ವಯಂಸೇವಕರ ಕೆಲಸವೇ.

ಇನ್ನೊಂದು ಮಾತು, ಕೆಲವರಿಗೆ ಮುಜುಗರ ಆಗುತ್ತದೆ, ಆದರೂ ಮೊದಲ ದಿನವೇ ಹೇಳಿ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಎಲ್ಲರ ಕಣ್ಣಿಂದ ಮರೆಯಾಗಿ ಇರಬಾರದು. ಹೆಣ್ಣುಮಕ್ಕಳಿದ್ದರೆ ಕನಿಷ್ಠ ಇಬ್ಬರು ಮಹಿಳೆಯರು ಇರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 2012ರ ಪೋಕ್ಸೋ ಕಾಯ್ದೆಯಲ್ಲಿ ಅದೂ ಅಪರಾಧ.

ವಾಪಸ್ ತಿರುಗುವ ಸಮಯವನ್ನು ಬಸ್ಸು ಹತ್ತುವ ಮುಂಚೆಯೇ ಎಲ್ಲರೆದುರು ಹೇಳಿಬಿಡಿ. ಮಧ್ಯಾಹ್ನ ಒಂದು ಗಂಟೆ ಅಂದರೆ ಒಂದು ಗಂಟೆ, ತುದಿ ಕಣ್ಣೆದುರೇ ಇದ್ದರೂ. ಗುಡುಗು ಕೇಳಿದರೆ, ಹಳ್ಳದ ನೀರು ಕೆಂಪಾದರೆ ಆ ಒಂದು ಗಂಟೆಗೂ ಕಾಯಬೇಡಿ. ಇದನ್ನು ಹೇಳುವ ಧೈರ್ಯ ಹೊಸಬರಿಗೂ ಇರಬೇಕು. ಹಾಗಾಗಿ ತಿರುಗೋಣ ಅಂತ ಯಾರೇ ಒಬ್ಬ ಸ್ವಯಂಸೇವಕ ಹೇಳಿದರೂ ವಾದ ಇಲ್ಲ, ಎಲ್ಲರೂ ತಿರುಗಬೇಕು. ವಾದ ಬಸ್ಸಿನಲ್ಲಿ ಮಾಡಲಿ.

ಹೊಸಬರನ್ನು ಮೊದಲ ಎರಡು ಟ್ರಿಪ್ ಕೊನೆಯಲ್ಲೇ ನಡೆಸಿ, ಅನುಭವ ಇರುವವರ ಜೊತೆ. ಮುಂದಿನ ಜಾಗ ಮೂರನೇ ಸಲಕ್ಕೆ.