ಸಮುದ್ರದ ತಳದಿಂದ ಮೀಥೇನ್ ಹೈಡ್ರೇಟ್ ಮೇಲೆ ತಂದಿದ್ದು – ನನ್ನ ಅನುಭವ

ಬಂಗಾಳ ಕೊಲ್ಲಿಯಲ್ಲಿ ಆಂಧ್ರ ಕರಾವಳಿ ಆಚೆ ಇರೋ ಕೃಷ್ಣಾ-ಗೋದಾವರಿ ಬೇಸಿನ್‌ಗೆ ಮೊದಲನೇ ಸಲ ಹೋದಾಗ ಹೈಡ್ರೇಟ್ (ನೀರು, ಮೀಥೇನ್ ಗ್ಯಾಸ್ ಸೇರಿ ಆಗೋ ಮಂಜುಗಡ್ಡೆ ಥರದ್ದು) ನಮ್ಮ ಕಣ್ಣೆದುರೇ ಕರಗಿಹೋಯ್ತು, ಆ ಸಂಕಟ ಇನ್ನೂ ಇದೆ.

ಅಲ್ಲಿ 2006ರಲ್ಲಿ ಜಾಯ್ಡೆಸ್ ರೆಸಲ್ಯೂಷನ್ ಹಡಗಿಂದ ಡ್ರಿಲ್ ಮಾಡಿದಾಗ ಸುಮಾರು 130 ಮೀಟರ್ ದಪ್ಪದ ಪದರದಲ್ಲಿ ಬಿರುಕುಗಳೊಳಗೆ ಹೈಡ್ರೇಟ್ ಸಿಕ್ಕಿತ್ತು. ಆದ್ರೆ ಗ್ಯಾಸ್ ತಾನಾಗೇ ಒಸರೋ ಜಾಗದಲ್ಲಿ ಅಷ್ಟೆಲ್ಲ ಕೊರೀಬೇಕಿಲ್ಲ, ಗ್ಯಾಸ್ ಬಿರುಕು ಹಿಡಿದು ಮೇಲಕ್ಕೆ ಬರೋದ್ರಿಂದ ತಳದ ಕೆಸರಲ್ಲಿ ಕೆಲವೇ ಮೀಟರ್ ಕೆಳಗೆ ಸಿಗುತ್ತೆ, ಗ್ರಾವಿಟಿ ಕೋರರ್ (ತನ್ನ ಭಾರಕ್ಕೇ ಕೆಸರಿಗೆ ಇಳಿಯೋ ಉದ್ದ ಪೈಪ್) ಸಾಕು. ಶಬ್ದ ಕಳಿಸಿ ಆಳ ನೋಡೋ ಎಕೋ ಸೌಂಡರ್‌ನಲ್ಲಿ ಗುಳ್ಳೆಗಳು ಹೊಗೆ ಎದ್ದ ಹಾಗೆ ಕಾಣ್ತವೆ, ಅಲ್ಲೇ ಇಳಿಸ್ತೀವಿ.

ಕಷ್ಟ ಇರೋದು ಮೇಲೆ ತರೋದ್ರಲ್ಲಿ. ಆಳ ಸುಮಾರು 1750 ಮೀಟರ್, ಸೆಕೆಂಡಿಗೆ ಒಂದು ಮೀಟರ್ ಎಳೆದ್ರೂ ಅರ್ಧ ಗಂಟೆ ಬೇಕು, ಕೊನೇ 700 ಮೀಟರ್‌ನಷ್ಟು ದೂರ ಒತ್ತಡ ಕಮ್ಮಿ, ನೀರೂ ಬೆಚ್ಚಗೆ, ಅಲ್ಲೇ ಕರಗೋಕೆ ಶುರು. ಡೆಕ್ಕಿಗೆ ಬಂದಾಗ ಪೈಪಿನ ತುದೀಲಿ ಕೆಸರು ಜಾರದ ಹಾಗೆ ಹಿಡಿಯೋ ಕೋರ್ ಕ್ಯಾಚರ್‌ನಲ್ಲಿ ಬಿಳೀ ತುಂಡುಗಳು, ಒಗ್ಗರಣೆ ಸಾಸಿವೆ ಥರ ಚಟಪಟ ಸದ್ದು, ಕೊಳೆತ ಮೊಟ್ಟೆ ವಾಸನೆ, ಕೆಸರು ಹುದುಗಿದ ದೋಸೆ ಹಿಟ್ಟಿನ ಹಾಗೆ ಉಬ್ಬಿತ್ತು. ಫೋಟೋ ತೆಗೀತಾ, ಅಳತೆ ಹಿಡೀತಾ ನಿಂತ್ವಿ, ಅಷ್ಟರಲ್ಲಿ ಬರೀ ನೊರೆ ಉಳೀತು.

ಹಾಗಾದ್ರೂ ಆ ಕೆಸರನ್ನ ಬಿಸಾಕಬೇಡಿ. ಹೈಡ್ರೇಟ್ ಕಟ್ಟುವಾಗ ಉಪ್ಪನ್ನ ಹೊರಗೆ ಬಿಡುತ್ತೆ, ಕರಗಿದಾಗ ಸಿಹಿನೀರು ಬರುತ್ತೆ, ಹಾಗಾಗಿ ಕೆಸರಿನ ನೀರು ಹಿಂಡಿ ಕ್ಲೋರೈಡ್ ನೋಡಿದ್ರೆ ಅಕ್ಕಪಕ್ಕದ ಪದರಕ್ಕಿಂತ ಕಮ್ಮಿ ಇರೋ ಕಡೆ ಹೈಡ್ರೇಟ್ ಇತ್ತು ಅಂತ ಗೊತ್ತಾಗುತ್ತೆ. ನಮಗೆ ಹಾಗೇ ಗೊತ್ತಾಗಿದ್ದು.

ಎರಡನೇ ಸಲ ಕೋರರ್ ನೀರಿಗಿಳಿಸೋ ಮೊದ್ಲೇ ಎಲ್ಲ ರೆಡಿ ಇಟ್ವಿ, ಲಿಕ್ವಿಡ್ ನೈಟ್ರೋಜನ್ ತುಂಬಿದ ಡೀವಾರ್ (ಥರ್ಮಾಸ್ ಥರದ ಪಾತ್ರೆ), ಹೆಸರು ಬರೆದ ಬಟ್ಟೆ ಚೀಲ, ಯಾರು ಕೊಯ್ಯೋದು ಯಾರು ಬರೆಯೋದು ಅನ್ನೋದೂ ಸೇರಿ. ಕೋರರ್ ಒಳಗಿನ, ಕೆಸರು ತುಂಬಿದ ಲೈನರ್ ಪೈಪ್ ಬಂದ ಕೂಡ್ಲೇ ಸಣ್ಣ ತೂತು ಹಾಕಿ ಗ್ಯಾಸ್ ಬಿಡಿ, ಇಲ್ಲಾಂದ್ರೆ ಕೆಸರನ್ನೇ ಹೊರಗೆ ದೂಡುತ್ತೆ, ಪೈಪಿನ ಬಾಯಿ ಎದುರಿಗಂತೂ ನಿಲ್ಲಲೇಬೇಡಿ. ಆಮೇಲೆ ಪೈಪ್ ಮೇಲೆ ಕೈಯಾಡಿಸಿ, ಹೈಡ್ರೇಟ್ ಕರಗುವಾಗ ಶಾಖ ಎಳ್ಕೊಳ್ಳೋದ್ರಿಂದ ಆ ಜಾಗ ತಣ್ಣಗೆ ಕೊರೆಯುತ್ತೆ, ಮೊದ್ಲು ಅಲ್ಲೇ ಕೊಯ್ದು ತುಂಡನ್ನ ನೈಟ್ರೋಜನ್‌ಗೆ ಹಾಕಿ. ಗಟ್ಟಿ ಮುಚ್ಚಳದ ಬಾಟಲಿಗೆ ಯಾವತ್ತೂ ಹಾಕಬೇಡಿ, ಒಂದು ಲೀಟರ್ ಹೈಡ್ರೇಟ್‌ನಿಂದ 160 ಲೀಟರ್‌ಗೂ ಜಾಸ್ತಿ ಗ್ಯಾಸ್ ಬರುತ್ತೆ. ಬೆಂಕಿ ಹಚ್ಚಿ ನೋಡೋ ಆಸೆ ಎಲ್ರಿಗೂ ಇರುತ್ತೆ, ನಾನಂತೂ ಬಿಡಲ್ಲ, ಅಷ್ಟು ಕಷ್ಟಪಟ್ಟು ತಂದ ತುಂಡು ಅದು.

ಆ ಸಲ ಮೂರು ಚೀಲ ಉಳೀತು. ದಡಕ್ಕೆ ಬಂದು ಲ್ಯಾಬಲ್ಲಿ ತೆಗೆದಾಗಲೂ ಬೆಳ್ಳಗೆ, ಗಟ್ಟಿಯಾಗೇ ಇತ್ತು.